ಐದು ನಿಮಿಷಕ್ಕೊಮ್ಮೆ ಕೇಳುವ ಚಾಳಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡರೆ ಬೈಗುಳ ಅರ್ಧಕ್ಕಿಳಿಯುತ್ತದೆ ಎಂಬ ಆಸೆಯಿಂದ ಹೇಳುತ್ತಿದ್ದೇನೆ. ಮಧುಗಿರಿಯ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂದು ಹಳೇ ಲಿನಕ್ಸ್ ಸರ್ವರ್ ಇದೆ. ಶಿರಾ, ಕೊರಟಗೆರೆ, ಪಾವಗಡಗಳಿಂದ ಐಸ್ ಡಬ್ಬಿಯಲ್ಲಿ ಬಸ್ಸು ಹತ್ತಿ ಬರುವ ರಕ್ತದ ರಿಪೋರ್ಟೆಲ್ಲ ಅದರ ಹೊಟ್ಟೆಯಿಂದಲೇ ಹೊರಬರಬೇಕು. ಅದರ ಯೋಗಕ್ಷೇಮ ನನ್ನದು. ‘ನಮ್ಮ ಸರ್ವರ್ ಸದಾ ಅಪ್‌ಡೇಟು’ ಎಂದು ಜಂಬ ಕೊಚ್ಚಿಕೊಳ್ಳಲು, ದಿನಕ್ಕೊಮ್ಮೆ ನಡೆಯಬೇಕಾದ ಅಪ್‌ಡೇಟ್ ತಪಾಸಣೆಯನ್ನು ಐದು ನಿಮಿಷಕ್ಕೊಮ್ಮೆ ನಡೆಯುವಂತೆ ಇಟ್ಟೆ. ಇಟ್ಟು ಮರೆತೆ.

ತಪಾಸಣೆ ಎಂದರೆ ಇಷ್ಟೇ: ಎಲ್ಲೋ ದೂರದ ಉಗ್ರಾಣಕ್ಕೆ ‘ಹೊಸದೇನಾದರೂ ಬಂತಾ?’ ಎಂದು ಕೇಳುವುದು. ಕೇಳುವುದಕ್ಕೇನು ಕಷ್ಟ ಅನ್ನಿಸುತ್ತದೆ. ಆದರೆ ಉತ್ತರವಾಗಿ ಒಂದು ಮಾರುದ್ದದ ಪಟ್ಟಿ ಬರುತ್ತದೆ. ಅದನ್ನೆಲ್ಲ ಓದಿ, ತನ್ನಲ್ಲಿರುವುದರ ಜೊತೆ ಒಂದೊಂದಾಗಿ ಹೋಲಿಸುವಷ್ಟರಲ್ಲಿ ಮುದಿ ಯಂತ್ರಕ್ಕೆ ಏದುಸಿರು. ಸುಧಾರಿಸಿಕೊಳ್ಳುವ ಮೊದಲೇ ಮುಂದಿನ ಐದು ನಿಮಿಷ!

ಒಂದು ಮಂಗಳವಾರ ಪುರವರದ ಗಂಗಜ್ಜಿ ಬೆಳಿಗ್ಗೆಯೇ ರಕ್ತ ಕೊಟ್ಟು ಬೆಂಚಿನ ಮೇಲೆ ಕೂತಿದ್ದಳು. ಹತ್ತು ಗಂಟೆಗೆ ಕಣ್ಣಿನ ಆಪರೇಷನ್ನಿನ ವ್ಯಾನು ಹೊರಡುತ್ತದೆ. ಸಕ್ಕರೆಯ ರಿಪೋರ್ಟು ಕೈಯಲ್ಲಿಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ. ಒಂಬತ್ತೂವರೆಯಾದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

ನಾನು ನನ್ನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ಅನುಮಾನಪಟ್ಟೆ. ಪಾವಗಡದಿಂದ ರಕ್ತ ಕಳಿಸುವ ಓಬಳೇಶ ಫೋನಿನಲ್ಲಿ, “ಏಮಯ್ಯಾ, ರಿಪೋರ್ಟು ಇಂಕಾ ರಾಲೇದಾ?” ಎಂದು ತೆಲುಗಿನಲ್ಲಿ, ಇನ್ನೂ ಬಂದಿಲ್ಲವೇ ಅಂತ ಕೇಳಿದ. ಶಿರಾದ ನಯಾಜ್, “ಅರೇ ಭಾಯ್, ಜಲ್ದಿ ಬುಡಪ್ಪಾ!” ಎಂದ. ಇಬ್ಬರನ್ನೂ ಅವರವರ ದನಿಯಲ್ಲೇ ಅಣಕಿಸಿ ಬೆಂಚಿನವರನ್ನು ನಗಿಸಿದೆ. ಅನುಕರಣೆ ನನ್ನ ಹುಟ್ಟುಗುಣ. ಕೆಲಸ ಕಲಿತದ್ದು ಆಮೇಲೆ, ಅದೂ ಅಷ್ಟಕ್ಕಷ್ಟೆ. ಗಂಗಜ್ಜಿ ಮಾತ್ರ ನಗಲಿಲ್ಲ. ‘ಬಂತಾ?’ ಎಂದು ಒಮ್ಮೆಯೂ ಕೇಳಲಿಲ್ಲ. ಮೋಡ ಕವಿದ ಕಣ್ಣನ್ನು ಗೋಡೆಯ ಗಡಿಯಾರದ ಸದ್ದಿನ ಕಡೆಗೆ ತಿರುಗಿಸಿ ಕೂತಿದ್ದಳು, ಅಷ್ಟೆ.

ಕೊನೆಗೆ, ಯಂತ್ರವನ್ನು ಯಾವ ಕೆಲಸ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದೆ. ಎಲ್ಲಕ್ಕಿಂತ ಮೇಲೆ ತಪಾಸಣೆ. ಒಂದಲ್ಲ, ಮುಗಿಯದೆ ಉಳಿದು ಸಾಲುಗಟ್ಟಿದ ಏಳೆಂಟು! ತಪ್ಪಿತಸ್ಥನಿಗಾಗಿ ಊರೆಲ್ಲ ಹುಡುಕಿದವನಿಗೆ ಕನ್ನಡಿ ಸಿಕ್ಕಂತಾಯಿತು. ಎಲ್ಲವನ್ನೂ ನಿಲ್ಲಿಸಿದೆ. ಯಂತ್ರ ಉಸಿರುಬಿಟ್ಟಿತು, ಪ್ರಿಂಟರು ಕಿರುಗುಟ್ಟಿತು. ಹತ್ತಕ್ಕೆ ಇನ್ನೂ ಎಂಟು ನಿಮಿಷ.

ತಪಾಸಣೆಯನ್ನು ಪೂರ್ತಿ ಕಿತ್ತುಹಾಕಲಿಲ್ಲ. ಹಾಗೆ ಮಾಡಿದರೆ ಕಳ್ಳರು ನುಗ್ಗುವಂತೆ ಸರ್ವರಿನ ಬಾಗಿಲ ಚಿಲಕ ಸಡಿಲವಾದದ್ದೂ ಗೊತ್ತಾಗುವುದಿಲ್ಲ. ಲ್ಯಾಬು ಮುಚ್ಚಿದ ಮೇಲೆ, ದಿನಕ್ಕೆ ಒಂದೇ ಸಲ, ಉಳಿದ ಕೆಲಸಕ್ಕೆ ದಾರಿ ಬಿಟ್ಟು ನಡೆಯಲಿ ಎಂದು ಕಟ್ಟುಮಾಡಿದೆ.

ಅಜ್ಜಿಯ ಕೈಗೆ ರಿಪೋರ್ಟು ಕೊಟ್ಟು, ವ್ಯಾನಿನವರೆಗೆ ನಡೆಸಿಕೊಂಡು ಹೋಗುತ್ತಾ, ಅವಳದೇ ದನಿ ಎಳೆದು ವಿವರಿಸಿದೆ: “ಐದೈದು ನಿಮಿಷಕ್ಕೂ ಹೊಸದೇನ್ ಬಂತು, ಹೊಸದೇನ್ ಬಂತು ಅಂತ ಕೇಳ್ತಾನೇ ಇತ್ತು ಕಣಮ್ಮ, ಅದುಕ್ಕೇ ಮಿಷನ್ನು ಹಿಂಗಾಗ್ಬುಡ್ತು!”

ಅಜ್ಜಿ ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಮುದ್ದೆ ಎಸರಿಗೆ ಹಿಟ್ಟು ಸುರುದ್ಮೇಲೆ ಬೇಯೋಗಂಟ ಕೋಲು ಆಡುಸ್ಬಾರ್ದು ಕಣ್ಲಾ, ಗಂಟಾಯ್ತದೆ. ನನ್ನಂಗೆ ಮಾತಾಡಾದು ಕಲ್ತಿದ್ದೀಯ, ನನ್ನಂಗೆ ಸುಮ್ಕೆ ಕೂತ್ಕಳಾದೂ ಕಲ್ತ್ಕ.”