ತೊದಲು ಮಾರಿಕೊಂಡವರು

ನನ್ನ ಸೋದರಮಾವ ಗಾಜು ಕತ್ತರಿಸುವವನು. ಕಿಟಕಿಗೆ, ಬಾಗಿಲಿಗೆ, ಫೋಟೊ ಚೌಕಟ್ಟಿಗೆ ಬೇಕಾದ ಅಳತೆಗೆ ಗಾಜು ಕೊಯ್ದು, ಅಂಚು ಉಜ್ಜಿ, ಹಳೆಯ ಪೇಪರು ಸುತ್ತಿ ಕೊಡುವುದು ಅವನ ಕೆಲಸ. ಅಂಗಡಿಯ ಮೂರು ಗೋಡೆಗಳಿಗೂ ಕನ್ನಡಿಗಳು ಒರಗಿರುತ್ತವೆ. ಆದರೆ ‘ಕನ್ನಡಿ’ ಎಂಬ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಮಾವನಿಗೆ ಚಿಕ್ಕಂದಿನಿಂದ ತೊದಲು. ‘ಕ’ ಬಂದರಂತೂ ಗಂಟಲಿಗೆ ಬೀಗ ಬಿದ್ದ ಹಾಗೆ. ಅದಕ್ಕೇ ‘ಮುಖ ನೋಡೋ ಗಾಜು’ ಎಂದು ಸುತ್ತಿ ಬಳಸಿ ಹೇಳುತ್ತಿದ್ದ. ಗಿರಾಕಿಗಳು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವನೂ ನಗುತ್ತಿದ್ದ, ಬೇರೆ ದಾರಿ ಇರಲಿಲ್ಲ.

ನಮ್ಮ ಮನೆ ಅಂಗಡಿಯ ಹಿಂದೆಯೇ. ಅಂಗಡಿಯ ಫೋನು ರಿಂಗಾದರೆ ಎತ್ತುತ್ತಿದ್ದವಳು ನನ್ನ ಅಮ್ಮ, ಅಂದರೆ ಅವನ ಅಕ್ಕ. ತಮ್ಮನ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಅವಳು. “ಮಾತು ಬೆಳ್ಳಿ, ಮೌನ ಬಂಗಾರ ಕಣೋ, ಬೇಜಾರ್ ಮಾಡ್ಕೋಬೇಡ” ಎಂದು ಸಮಾಧಾನ ಹೇಳಿದರೆ ಮಾವ, “ಬಂ... ಬಂಗಾರ ಸಾಕಾಯ್ತಕ್ಕ. ಒಂದ್ ಚೂರು ಬೆ... ಬೆಳ್ಳಿ ಇದ್ರೆ ಕೊಡು” ಅನ್ನುತ್ತಿದ್ದ.

ಆಗ ಬಂದದ್ದು ‘ಅಂಗಳ’ ಎಂಬ ಆ್ಯಪು. ಬರೆಯುವುದರ ಬದಲು ಮಾತನ್ನು ರೆಕಾರ್ಡ್ ಮಾಡಿ ಹಾಕುವ ಜಾಲತಾಣ. ಕಾಲೇಜಿನಲ್ಲಿ ನಾವೆಲ್ಲ ಮುಗಿಬಿದ್ದೆವು. ಅದರಲ್ಲಿ ತೊದಲುವವರದೇ ಒಂದು ಗುಂಪು ಇರುವುದು ಕಣ್ಣಿಗೆ ಬಿದ್ದಾಗ ನಾನೇ ಮಾವನ ಫೋನಿಗೆ ಅದನ್ನು ಹಾಕಿಕೊಟ್ಟೆ. ಗುಂಪು ಕಟ್ಟಿದವಳು ಯಾವುದೋ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವ ಹೆಂಗಸು. ಎಲ್ಲರೂ ಅವಳನ್ನು ಬಸ್ಸಕ್ಕ ಎನ್ನುತ್ತಿದ್ದರು. ಅವಳದು ಒಂದೇ ಕಟ್ಟಪ್ಪಣೆ: ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಕೂಡದು.

ಮಾವ ಮೊದಮೊದಲು ಕೇಳಿಸಿಕೊಂಡ, ಅಷ್ಟೆ. ಗಾಜು ಉಜ್ಜುತ್ತ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ತನ್ನ ಹಾಗೆಯೇ ತಡವರಿಸುವವರ ಮಾತು ಕೇಳುತ್ತಿದ್ದ. ಒಂದು ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಫೋನಿನ ಮುಂದೆ ಕುಳಿತು ‘ಕನ್ನಡಿ’ ಎಂದ. ‘ಕ’ದ ಮೇಲೆ ಎಷ್ಟೋ ಹೊತ್ತು ನಿಂತ, ಉಸಿರು ಬಿಟ್ಟ, ಮತ್ತೆ ಹಿಡಿದ, ಆದರೆ ಪೂರ್ತಿ ಅಂದ. ಕೊನೆಗೆ ಎಳೆಮಗುವಿನ ಹಾಗೆ ನಕ್ಕುಬಿಟ್ಟ. ಆ ನಗುವೂ ರೆಕಾರ್ಡ್ ಆಗಿತ್ತು. ಗುಂಪಿನವರು ಒಬ್ಬರಾದ ಮೇಲೊಬ್ಬರು ತಮ್ಮ ತೊದಲಿನಲ್ಲೇ ಶಭಾಷ್ ಹೇಳಿದರು. ಮುಂದಿನ ವಾರ ಅಮ್ಮ ಫೋನಿಗೆ ಕೈಚಾಚಿದಾಗ ಮಾವ, “ಬಿ... ಬಿಡಕ್ಕ, ನಾನ್ ಎತ್ತೀನಿ” ಎಂದ. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಇಷ್ಟು ಒಳ್ಳೆಯದನ್ನು ಹಾಗೇ ಇರಲು ಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅಂಗಳಕ್ಕೆ ಜನ ಸೇರಿದ್ದೇ ತಡ, ಅದನ್ನು ಕಟ್ಟಿದವರ ಕಣ್ಣು ನೆತ್ತಿಗೇರಿತು. ಅಲ್ಲಿಯವರೆಗೆ ಯಾರು ಯಾವಾಗ ಮಾತಾಡಿದರೋ ಆ ಸರದಿಯಲ್ಲೇ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಸರದಿ ಹೋಯಿತು. ‘ನಿಮಗಾಗಿ ಆರಿಸಿದ್ದು’ ಎಂದು ಗುರುತು ಪರಿಚಯವಿಲ್ಲದವರ ಜಗಳ, ಕೂಗಾಟ, ಮಧ್ಯೆ ಮಧ್ಯೆ ಜಾಹೀರಾತು. ನಮಗಾಗಿ ಆರಿಸಲು ಇವರಿಗೆ ಹೇಳಿದವರು ಯಾರು? ಗುಂಪಿನವರ ದನಿ ಆ ಸಂತೆಯಲ್ಲಿ ಮುಳುಗಿತು. ಉಳಿದವರು ಸುಮ್ಮನಾಗಿದ್ದಾರೆಂದು ಪ್ರತಿಯೊಬ್ಬರೂ ತಿಳಿದುಕೊಂಡರು. ತಿಳಿದುಕೊಂಡು ತಾವೂ ಸುಮ್ಮನಾದರು.

ಆಮೇಲೆ ಇನ್ನೊಂದು ‘ಹೊಸ ಸೌಲಭ್ಯ’ ಬಂತು. ಒಳಗಿನವರಿಗಷ್ಟೇ ಕೇಳುತ್ತಿದ್ದ ಗುಂಪುಗಳು ಊರಿಗೆಲ್ಲ ತೆರೆದುಕೊಂಡವು. ಬೇಡವೆಂದರೆ ನಾಲ್ಕು ಪರದೆಯಾಚೆ ಅಡಗಿಸಿಟ್ಟ ಗುಂಡಿಯೊಂದನ್ನು ಹುಡುಕಿ ಒತ್ತಬೇಕಿತ್ತು. ಯಾವನೋ ಪುಣ್ಯಾತ್ಮ ಮಾವನ ‘ಕನ್ನಡಿ’ಯನ್ನು ಎತ್ತಿಕೊಂಡು ಅದಕ್ಕೆ ಡ್ರಮ್ಮಿನ ತಾಳ ಕೂಡಿಸಿ ಹಾಡು ಮಾಡಿದ. ಸಾವಿರಾರು ಜನ ಅದಕ್ಕೆ ಕುಣಿದರು. ಎಳೆಮಗುವಿನಂಥ ಆ ನಗುವನ್ನು ಕೊನೆಯಲ್ಲಿ ಕೋತಿಯ ಕಿಚಕಿಚ ಮಾಡಿದ್ದರು.

ಮಾವನಿಗೆ ಇದು ಗೊತ್ತಾದದ್ದು ಅಂಗಡಿಯಲ್ಲಿ. ಫೋಟೊ ಚೌಕಟ್ಟು ಒಯ್ಯಲು ಬಂದ ದಂಪತಿ ಅವನ ದನಿ ಕೇಳಿ ಮುಖ ಮುಖ ನೋಡಿಕೊಂಡರು. ಗಂಡ ಮೆಲ್ಲಗೆ, “ಕ... ಕ... ಕ...” ಎಂದು ಕೌಂಟರಿನ ಮೇಲೆ ತಾಳ ಹಾಕಿದ. ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಾವ ಚೌಕಟ್ಟು ಸುತ್ತಿ ಕೊಟ್ಟು, ಆ ಸಂಜೆ ನನ್ನ ಮುಂದೆ ಫೋನು ಇಟ್ಟ. “ಏನಿದು ಪುಟ್ಟಿ?”

ನಾನು ಹುಡುಕಿ ತೆಗೆದೆ. ಹಾಡಿಗಿಂತ ಮೊದಲು ಒಂದು ಸಾಬೂನಿನ ಜಾಹೀರಾತು ಬಂತು. ಅದು ಮುಗಿಯುವವರೆಗೆ ನಾವಿಬ್ಬರೂ ಕಾಯಬೇಕಾಯಿತು. ನನ್ನ ಮೈಯೆಲ್ಲ ಉರಿದುಹೋಯಿತು. ದೂರು ಕೊಟ್ಟರೆ, ‘ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ’ ಎಂಬ ಉತ್ತರ. ಅದರ ಬೆನ್ನಿಗೇ ಬಣ್ಣದ ಕಾಗದ ಉದುರುವ ಚಿತ್ರದೊಂದಿಗೆ ಇನ್ನೊಂದು ಸಂದೇಶ: ‘ಅಭಿನಂದನೆಗಳು! ನಿಮ್ಮ ಧ್ವನಿ ಜನಪ್ರಿಯವಾಗುತ್ತಿದೆ!’

ಅಮ್ಮ ಫೋನನ್ನು ಕಸಿದುಕೊಂಡು, “ಇವರ ನಾಲಿಗೆ ಸೇದಿಹೋಗ!” ಎಂದಳು. ಮಾವ ಮಾತ್ರ ಮತ್ತೆ ಫೋನು ಎತ್ತುವುದನ್ನು ಬಿಟ್ಟ.

ಕೆಲವು ದಿನಗಳಲ್ಲಿ ಅದೇ ಕಂಪನಿಯವರು ನಮ್ಮೂರ ಅಂಗಡಿಯವರಿಗೆ ಹೋಟೆಲಿನಲ್ಲಿ ಒಂದು ಸಭೆ ಇಟ್ಟುಕೊಂಡರು. ಅಂಗಳದಲ್ಲಿ ಜಾಹೀರಾತು ಕೊಟ್ಟು ವ್ಯಾಪಾರ ಬೆಳೆಸಿ ಎಂದು ಹೇಳಿಕೊಡಲು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ನಾನೂ ಜೊತೆಗೆ ಹೋದೆ. ಕಾಲರಿಗೆ ಮೈಕು ಸಿಕ್ಕಿಸಿಕೊಂಡ ಅಧಿಕಾರಿ ಮಾತು ಮುಗಿಸಿ ಪ್ರಶ್ನೆ ಕೇಳಿ ಎಂದದ್ದೇ ಮಾವ ಎದ್ದು ನಿಂತ.

“ನನ್ನ ಧ್ವ... ಧ್ವನಿ...”

“ಧ್ವನಿಯ ಗುಣಮಟ್ಟದ ಬಗ್ಗೆ ಕೇಳ್ತಿದೀರಾ ಸರ್? ಅದನ್ನ ಈಗ ತುಂಬಾ ಸುಧಾರಿಸಿ...”

“ಅಲ್ಲ. ಮು... ಮುಗಿಸೋಕೆ ಬಿಡಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೀಗದಂಗಡಿಯ ಮುದುಕರು ತಿರುಗಿ, “ನಗೋರು ಆಚೆ ಹೋಗಿ ನಗಿ” ಎಂದು ಗದರಿದರು. ಮಾವ ಕುರ್ಚಿಯ ಬೆನ್ನು ಹಿಡಿದುಕೊಂಡು, ಅಡ್ಡ ಬಂದ ಪ್ರತಿ ಅಕ್ಷರವನ್ನೂ ದಾಟಿಕೊಂಡು ಹೇಳಿದ. ತಾನು ಗುಂಪಿನವರ ನಡುವೆಯಷ್ಟೇ ಆಡಿದ ಮಾತನ್ನು ಊರಿಗೆ ತೆರೆದದ್ದು, ಅದರ ಮುಂದೆ ಸಾಬೂನು ಮಾರಿದ್ದು, ತನ್ನನ್ನು ಒಂದು ಮಾತೂ ಕೇಳದೇ ಇದ್ದದ್ದು.

“ನಿಯಮಗಳಿಗೆ ನೀವೇ ಒಪ್ಪಿಗೆ ಕೊಟ್ಟಿರ್ತೀರಿ ಸರ್.”

“ಗಾಜು ಹಾ... ಹಾಕು ಅಂತ ಜನ ನನ್ನನ್ನ ತಮ್ಮ ಮನೆಯೊಳಗೆ ಬಿಟ್ಕೋತಾರೆ. ಅವರು ಮಲಗೋ ಕೋ... ಕೋಣೆ ಫೋಟೊ ತೆಗೆದು ನಾನು ಬೀದೀಲಿ ಅಂಟ್ಸಿದ್ರೆ, ಅದಕ್ಕೂ ಅವರು ಒಪ್ಪಿದ್ರು ಅಂತೀರಾ?”

ಅಧಿಕಾರಿ ನೀರು ಕುಡಿದು, “ನಿಮ್ಮ ಅಭಿಪ್ರಾಯ ನಮಗೆ ತುಂಬಾ ಮುಖ್ಯ” ಎಂದು ಮುಂದಿನ ಪ್ರಶ್ನೆಗೆ ತಿರುಗಿದ. ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹಾಡು ಇದ್ದಲ್ಲೇ ಇತ್ತು.

ಮನೆಗೆ ಬಂದವನೇ ಮಾವ ತನ್ನ ಖಾತೆ ಅಳಿಸಲು ಕುಳಿತ. ಅದಕ್ಕೆ ಮೊದಲು ಗುಂಪಿನ ಹಳೆಯ ಮಾತುಗಳನ್ನು ಒಂದೊಂದಾಗಿ ಕೇಳುತ್ತ ಹೋದವನು ತಟ್ಟನೆ ನಿಂತ. ತನ್ನ ತಾಯಿ ತೀರಿಕೊಂಡಳೆಂದು ಬಸ್ಸಕ್ಕ ಅಳುತ್ತ ಹೇಳಿದ್ದಳು. ಎರಡು ತಿಂಗಳ ಹಿಂದೆ. ಅದರ ಕೆಳಗೆ ಒಬ್ಬರದೂ ಒಂದು ಮಾತಿಲ್ಲ. ನಮ್ಮಲ್ಲಿ ಯಾರಿಗೂ ಅದನ್ನು ತೋರಿಸಿಯೇ ಇರಲಿಲ್ಲ. ಜಗಳ ತೋರಿಸಿದ್ದರು, ಸಾಬೂನು ತೋರಿಸಿದ್ದರು. ಸಾವನ್ನು ಮುಚ್ಚಿಟ್ಟಿದ್ದರು. ಆ ಹಾಡಿಗೂ ಅಳದ ಮಾವ ಆಗ ಅತ್ತ.

ಅಲ್ಲೇ ಉತ್ತರ ಹಾಕಿದರೆ ಅವಳಿಗೆ ಕೇಳಿಸೀತೆಂಬ ನಂಬಿಕೆ ಇರಲಿಲ್ಲ. ಬಸ್ಸಕ್ಕನ ನಂಬರೂ ನಮ್ಮಲ್ಲಿ ಇರಲಿಲ್ಲ. ಶಾಲೆಯ ಹೆಸರು ಮಾತ್ರ ಅವಳ ಮಾತಿನಲ್ಲಿ ಒಮ್ಮೆ ಬಂದಿತ್ತು. ಮಾವ ತಾನೇ ಆ ಶಾಲೆಗೆ ಫೋನು ಮಾಡಿದ. ಆಫೀಸಿನವರು ಯಾರೋ ತಮಾಷೆ ಮಾಡುತ್ತಿದ್ದಾರೆಂದು ಎರಡು ಸಲ ಫೋನು ಕುಕ್ಕಿಬಿಟ್ಟರು. ನಾನು ಮಾತಾಡುತ್ತೇನೆಂದು ಕೈಚಾಚಿದರೆ ಮಾವ ಕೊಡಲಿಲ್ಲ. ಮೂರನೆಯ ಸಲ ಕರೆದುಕೊಟ್ಟರು, ಬಸ್ಸಕ್ಕನೇ ಫೋನಿಗೆ ಬಂದಳು.

“ಅಮ್ಮ ಹೋದ್ಲು ಅಂದ್ರೂ ಒ... ಒಬ್ಬರೂ ಉಸಿರೆತ್ತಲಿಲ್ಲ ಅಣ್ಣ. ನಿಮಗೆಲ್ಲ ನಾ... ನಾನು ಬೇಡವಾದೆ ಅಂದ್ಕೊಂಡೆ.”

“ನಮಗೆ ಕೇ... ಕೇಳಿಸಲೇ ಇಲ್ಲಮ್ಮ. ಕೇಳಿಸಗೊಡ್ಲಿಲ್ಲ.”

ಬಸ್ಸಕ್ಕ ತಾಯಿಯ ಕೊನೆಯ ದಿನಗಳನ್ನು ಹೇಳತೊಡಗಿದಳು. ಮಾವ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ.

ಇಬ್ಬರೂ ಸೇರಿ ಹುಡುಕಿದ್ದಕ್ಕೆ ಏಳೆಂಟು ಜನ ಸಿಕ್ಕರು. ಈಗ ವಾರಕ್ಕೊಮ್ಮೆ ಫೋನಿನಲ್ಲೇ ಎಲ್ಲರೂ ಕೂಡುತ್ತಾರೆ. ಉಳಿದವರು ಎತ್ತ ಹೋದರೋ ಗೊತ್ತಿಲ್ಲ. ‘ಡಾಕ್ಟರ್’ ಅನ್ನಲು ವರ್ಷವೆಲ್ಲ ಕಷ್ಟಪಟ್ಟ ಒಬ್ಬ ನರ್ಸ್ ಇದ್ದಳು. ಅಂದಳೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ.

ಕ್ರಮೇಣ ಅಂಗಳದಿಂದಲೂ ಜನ ಬೇಸತ್ತರು. ನನ್ನ ಗೆಳತಿಯರು ಬಿಟ್ಟರು, ಕುಣಿದವರು ಬಿಟ್ಟರು, ಜಾಹೀರಾತು ಕೊಟ್ಟವರೂ ಬಿಟ್ಟರು. ಕೊನೆಗೆ ‘ನಮ್ಮೊಂದಿಗೆ ಪಯಣಿಸಿದ್ದಕ್ಕೆ ಧನ್ಯವಾದ’ ಎಂದು ಎರಡು ಸಾಲು ಬರೆದು ಮುಚ್ಚಿಕೊಂಡು ಹೋದರು. ಗುಂಪಿನ ಅಷ್ಟೂ ಮಾತುಗಳು, ಬಸ್ಸಕ್ಕನ ಅಳುವಿನ ಸಮೇತ, ಅಳಿಸಿಹೋದವು. ಆ ಹಾಡು ಮಾತ್ರ ಅಳಿಯಲಿಲ್ಲ. ಇಂದಿಗೂ ಬೇರೆ ಬೇರೆ ಕಡೆ ಸುತ್ತುತ್ತಿದೆ.

ಅಂಗಳ ಕಟ್ಟಿದವನೇ ಈಗ ಹೊಸದೊಂದನ್ನು ಶುರುಮಾಡಿದ್ದಾನೆ. ‘ಇದು ನಿಜವಾದ ಮನುಷ್ಯರ ತಾಣ’ ಎಂದು ನನಗೂ ಆಹ್ವಾನ ಬಂದಿತ್ತು. ಸಿಟ್ಟಿನಿಂದ ಮಾವನಿಗೆ ತೋರಿಸಿದೆ. ಅವನು ಗಾಜಿನ ಮೇಲೆ ಅಳತೆಪಟ್ಟಿ ಇಟ್ಟವನು ತಲೆ ಎತ್ತದೆ, “ಅವನ ಮ... ಮನೆ ವಿಳಾಸ ಕೊಟ್ಟಿದಾನಾ ನೋಡು, ಮಲಗೋ ಕೋ... ಕೋಣೆಗೆ ಗಾಜು ಹಾಕಿ ಬರ್ತೀನಿ” ಎಂದ. ಕೊಟ್ಟಿರಲಿಲ್ಲ.