ಹಿಡಿದ ಮದ್ದು ಬಿಡದ ಮಣ್ಣು

ಒಂದೇ ಗಣಿಯ ಜೇಡಿಮಣ್ಣನ್ನು ಬೋರ್‌ವೆಲ್ ಕೊರೆಯುವವರಿಗೂ, ಮುಖಲೇಪ ಮಾಡುವವರಿಗೂ, ಔಷಧ ಕಾರ್ಖಾನೆಗೂ ಮಾರುವವನು ನಾನು. ದರ ಮಾತ್ರ ಗಿರಾಕಿಯ ಮುಖ ನೋಡಿ. ಇದು ಗೊತ್ತಿದ್ದೂ ನನ್ನೊಡನೆ ಮಾತು ಬಿಡದವಳು ಕಾರ್ಖಾನೆಯ ಜರಡಿ ಅಕ್ಕ. ನಾನು ಅವಳಿಗೆ ಅಣ್ಣ, ಅವಳು ನನಗೆ ಅಕ್ಕ. ಯಾರು ದೊಡ್ಡವರೆಂದು ಇಬ್ಬರೂ ವಿಚಾರಿಸಿಲ್ಲ.

ಗಾಜಿನ ಪಾತ್ರೆ ತೊಳೆಯಲು ಸೇರಿದ್ದವಳು ಕ್ರಮೇಣ ಮಣ್ಣು ತೊಳೆದು, ಒಣಗಿಸಿ, ಜರಡಿ ಹಿಡಿಯುವ ಕೆಲಸಕ್ಕೆ ಬಂದಳು. ಆ ಮಣ್ಣಿನ ಪದರಗಳ ನಡುವೆ ಮದ್ದು ಕೂರಿಸುತ್ತಾರೆ. ನುಂಗಿದ ಮೇಲೆ ಅದು ಒಮ್ಮೆಲೇ ಸುರಿಯದೆ, ಹೊಟ್ಟೆಯಲ್ಲಿ ಚೂರುಚೂರೇ ಹೊರಬರಬೇಕು.

ಅಕ್ಕನ ಗಂಡ ಕ್ಷೌರಿಕ, ಹೃದಯ ದುರ್ಬಲ. ಮಾತ್ರೆ ಗಂಟಲಲ್ಲಿ ಇಳಿಯದೆಂದು ಹಟ ಮಾಡುವ ಅವನಿಗೆ ಅವಳೇ ಪುಡಿ ಮಾಡಿ, ನೀರಿನಲ್ಲಿ ಕದಡಿ ಕೊಡುತ್ತಿದ್ದಳು. ಈಚೆಗೆ ಅವನ ಕಾಲು ಊದಿ, ಒಂದು ಗಡ್ಡ ಮುಗಿಸುವಷ್ಟರಲ್ಲಿ ಏದುಸಿರು ಬಂದು ಕೂರುವಂತಾಗಿತ್ತು. ಮದ್ದು ನಾಟುತ್ತಿಲ್ಲ, ಆಸ್ಪತ್ರೆಗೆ ಸೇರಿಸಬೇಕಾದೀತು ಎಂದಿದ್ದರು ಡಾಕ್ಟರು.

ಅಂಥ ದಿನಗಳಲ್ಲೇ ನನ್ನ ಸರಕಿನ ಮೇಲೆ ದೂರು ಬಂತು. ಕಾರ್ಖಾನೆಗೆ ಹೋದೆ.

"ನಿಮ್ಮ ಮಣ್ಣು ಮದ್ದನ್ನ ಬಿಡ್ತಾನೇ ಇಲ್ಲ ಅಣ್ಣ," ಎಂದು ಅಕ್ಕ ಪರೀಕ್ಷೆಯ ಪಾತ್ರೆ ತೋರಿಸಿದಳು. "ನೀರಿಗೆ ಏನೂ ಇಳಿದಿಲ್ಲ."

"ನನ್ನ ಗೋದಾಮಿನಲ್ಲಿ ಬೆಳೆದ ಮಣ್ಣಕ್ಕ. ಸಿಕ್ಕಿದ್ದನ್ನ ಸುಲಭಕ್ಕೆ ಬಿಡತ್ತಾ?"

"ತಮಾಷೆ ಸಾಕು. ಒಂದೇ ಪಾತ್ರೆಗೆ ಹಾಕಿದ್ರೆ ಯಾವ ಮದ್ದನ್ನೂ ತಬ್ಬಿಕೊಂಡು ಕೂತುಬಿಡತ್ತೆ..."

ಹೇಳುತ್ತಿದ್ದವಳು ಪಾತ್ರೆ ಕೆಳಗಿಟ್ಟಳು. ಮುಖ ಬಿಳಚಿಕೊಂಡಿತು.

"ಇವರಿಗೆ ಹೊಟ್ಟೆ ಕೆಟ್ಟಿದೆ ಅಂತ ಅಂಗಡಿಯಿಂದ ಬಿಳಿ ಪುಡಿ ತಂದಿದ್ದೆ. ಅದೂ ಮಣ್ಣೇ ಅಣ್ಣ. ಎರಡೆರಡು ಲೋಟ ಯಾಕೆ ಅಂತ ಹೃದಯದ ಮಾತ್ರೆನೂ ಅದರಲ್ಲೇ ಕದಡಿ ಕೊಡ್ತಿದ್ದೀನಿ."

ಅವಳನ್ನು ಮೂಟೆಗಳ ಪಕ್ಕದಲ್ಲೇ ಕೂರಿಸಿಕೊಂಡು ಅವಳ ಗಂಡನ ಸಲೂನಿಗೆ ವ್ಯಾನು ಓಡಿಸಿದೆ.

ಸಲೂನಿನಲ್ಲಿ ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡ ಗಿರಾಕಿ ನಿಂತಿದ್ದ. ಕ್ಷೌರಿಕ ಕುರ್ಚಿಯಲ್ಲಿ ಕುಳಿತು ಬಾಯಲ್ಲಿ ಉಸಿರಾಡುತ್ತಿದ್ದ. ಅಕ್ಕ ಅವನ ತೋಳು ಹಿಡಿದೆಬ್ಬಿಸಿ ವ್ಯಾನು ಹತ್ತಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಕೇಳಿಸಿಕೊಂಡು ಪುಡಿ ನಿಲ್ಲಿಸಿದರು. ಮಾತ್ರೆ ಅದೇ, ಪ್ರಮಾಣವೂ ಅಷ್ಟೇ. ನಾಲ್ಕು ದಿನ ತಮ್ಮ ಕಣ್ಣೆದುರೇ ಮಲಗಿಸಿಕೊಂಡು ಕೊಟ್ಟರು. ಮೆಲ್ಲಗೆ ಊತ ಇಳಿಯಿತು.

ಮುಂದಿನ ತಿಂಗಳು ನನ್ನ ಗಡ್ಡವನ್ನು ಅವನು ನಿಂತುಕೊಂಡೇ ಮುಗಿಸಿದ.

"ದಿನವಿಡೀ ಮಣ್ಣಿನ ಜೊತೆ ಇರ್ತಾಳೆ ಭಾವ. ಸಾಲದು ಅಂತ ನನ್ನ ಹೊಟ್ಟೆಗೂ ಕಳಿಸಿದ್ಲು."

ನಾನು ನಕ್ಕೆ. ಬೆಂಚಿನ ಮೇಲಿದ್ದ ಅಕ್ಕ ನಗಲಿಲ್ಲ. ಕತ್ತಿ ಕೆಳಗಿಟ್ಟು ಅವನು ಉಸಿರು ಎಳೆದುಕೊಂಡಾಗ, ಅದು ಸಲೀಸಾಗಿ ಹೊರಬರುವವರೆಗೂ ಅವಳು ತನ್ನ ಉಸಿರು ಬಿಗಿಹಿಡಿದಿದ್ದಳು.