ಹುರುಳಿ ತುಳಿದ ಜಪಾನ್ ಕಾರು

ಗೆಳೆಯರೇ, ಇವತ್ತು ಕುರುಗೋಡು ರಸ್ತೆಯಲ್ಲಿ ನನ್ನ ಹಳೇ ಜಪಾನ್ ಕಾರು ಸುಟ್ಟುಹೋಗುವುದರಲ್ಲಿತ್ತು. ಒಬ್ಬ ಹೆಂಗಸು ರಸ್ತೆ ತುಂಬ ಹುರುಳಿ ಬಳ್ಳಿ ಹರವಿದ್ದಳು, ಬಸ್ಸು ಲಾರಿ ತುಳಿದು ಕಾಳು ಉದುರಲಿ ಅಂತ. ಲಾರಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ದಾಟುವಷ್ಟರಲ್ಲಿ ಬಳ್ಳಿಯೆಲ್ಲ ಕೆಳಗಿನ ಸೈಲೆನ್ಸರ್ ಕೊಳವೆಗೆ ಸುತ್ತಿಕೊಂಡಿತ್ತು; ಸ್ವಲ್ಪ ಮುಂದೆ ಹೋಗುತ್ತಲೇ ಹೊಗೆ ಎದ್ದಿತು. ಇಳಿದು, ನೆಲದ ಮೇಲೆ ಮಲಗಿ, ಸ್ಕ್ರೂಡ್ರೈವರಿನಿಂದ ಕೀಳತೊಡಗಿದೆ.

ಅವಳು ಓಡಿ ಬಂದಳು. “ಯಾಕ ನಿಂತ್ರಿ ಯಜಮಾನ್ರ? ಇನ್ನೊಂದೆರಡು ಸಲ ಹಿಂದ ಮುಂದ ಆಡಸ್ರಿ.”

“ಕಾರು ಸುಡಾಕ ಹತ್ತೈತಿ, ಕಣ್ಣು ಕಾಣಂಗಿಲ್ಲೇನು ನಿನಗ?”

“ಹಂಗಾರ ಆ ಕಡಿ ತಗೀರಿ, ನನ್ನ ಹುರುಳಿ ಸುಟ್ಟೀತು.”

ಅಷ್ಟಂದು ರಸ್ತೆ ಬದಿಗಿಟ್ಟಿದ್ದ ನೀರಿನ ಕೊಡ ಎತ್ತಿದಳು. ಕೂಗಿ ತಡೆದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಈ ಕಾರಿನ ಸಾಮಾನು ಬಳ್ಳಾರಿ ಹಾಗಿರಲಿ, ಮದ್ರಾಸಿನಲ್ಲೂ ಸಿಗುವುದಿಲ್ಲ. ಮಣ್ಣು ಹಾಕು ಅಂದೆ. ಬೊಗಸೆ ಬೊಗಸೆ ಹಾಕಿದಳು, ಅರ್ಧ ನನ್ನ ತಲೆಗೆ. ಹೊಗೆ ನಿಂತಿತು.

ಇಂಥ ಕಾರು ಇಟ್ಟವರು ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿ ಎತ್ತರ ಮಾಡಿಸಿರಿ. ಬಳ್ಳಿ ದಾಟಿದ ಕೂಡಲೇ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿರಿ. ನಾನು ಎರಡೂ ಮಾಡಿರಲಿಲ್ಲ.

ನಾನು ಕಿತ್ತ ಬಳ್ಳಿಯನ್ನು ಅವಳು ಜಾಡಿಸಿ ನೋಡಿದಳು; ಕಾಳೆಲ್ಲ ಉದುರಿತ್ತು. “ಸಂಜೀಕ ಇದೇ ದಾರೀಲೆ ಬರ್ರಿ. ನಿಮ್ಮ ಗಾಡಿ ತುಳದಷ್ಟು ಚಲೋ ಬಸ್ಸೂ ತುಳದಿಲ್ಲ.”

ಬೈಯಲು ಬಾಯಿ ತೆರೆದಿದ್ದೆ. ಆದರೆ ಈ ಕಾರು ಕೊಂಡ ಮೇಲೆ ಅದನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು. ಕಾರು ಹತ್ತಿ ಹೊರಟೆ.